ಹಗಲಿನಲ್ಲಿ ಕಂಡ ಮುಖ

ಮದುವೆಯಾಗಿ ಎಂಟು ವರ್ಷವಾದ ಮೇಲೆ ಮಾಣಿಕಪ್ಪ ತನ್ನ ಹೆಂಡತಿಯ ಮುಖವನ್ನು ಹಗಲು ಬೆಳಕಿನಲ್ಲಿ ನೆಟ್ಟಗೆ ನೋಡಿದ್ದು ಹುಮನಾಬಾದಿನ ಒಂದು ಹೊಟೇಲಿನಲ್ಲಿ, ಪೂರಿ ತಟ್ಟೆಯ ಈಚೆ ಕೂತು.

ನಗಬೇಡಿ. ಬೇಮಳಖೇಡದ ಅವನ ಮನೆಯಲ್ಲಿ ಇಪ್ಪತ್ತೊಂದು ಜನ. ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವುದಿರಲಿ, ಒಬ್ಬರಿದ್ದ ಪಡಸಾಲೆಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಕೇಶರಬಾಯಿ ಹಗಲೆಲ್ಲ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಒಲೆಯ ಮುಂದೆ ಇರುವವಳು. ಅವನು ಹಗಲೆಲ್ಲ ಅಂಗಡಿಯಲ್ಲಿ ಜೋಳ, ತೊಗರಿ ಅಳೆಯುವವನು. ದೀಪ ಆರಿದ ಮೇಲಿನ ಪಿಸುಮಾತಿನಲ್ಲೇ ಅವರ ಸಂಸಾರ. ಅವಳ ದನಿ ಅವನಿಗೆ ಗೊತ್ತು, ಬಳೆಯ ಸದ್ದು ಗೊತ್ತು, ಸಿಟ್ಟು ಬಂದಾಗ ಉಸಿರು ಹೇಗೆ ಬಿಗಿಯಾಗುತ್ತದೆ ಎಂಬುದೂ ಗೊತ್ತು. ಆದರೆ ನಗುವಾಗ ಅವಳ ಮೂಗಿನ ಮೇಲೆ ಸಣ್ಣದೊಂದು ಸುಕ್ಕು ಮೂಡುತ್ತದೆ ಎಂಬುದು ಅವತ್ತಿನವರೆಗೂ ಗೊತ್ತಿರಲಿಲ್ಲ.

"ಏನ್ರಿ, ಹಂಗ್ಯಾಕ ನೋಡಾಕತ್ತೀರಿ?"

"ಏನಿಲ್ಲ. ಪೂರಿ ಆರಿ ಹೋಗ್ತದ, ತಿನ್ನು."

"ನೀವು ನೋಡೂದು ಬಿಟ್ರ ತಿಂತೀನಿ. ಗಂಟಲದಾಗ ಇಳೀಬೇಕಲ್ಲ."

"ನೀನೂ ನೋಡಾಕತ್ತಿ ಮತ್ತ."

"ನಾ ಎಲ್ಲಿ ನೋಡಿನಿ? ನಿಮ್ಮ ಎಡಗಣ್ಣಿನ ಕೆಳಗ ಒಂದು ಮಚ್ಚಿ ಅದ. ಅದನ್ನ ನೋಡಿನಿ. ನಿಮ್ಮನ್ನಲ್ಲ."

ಹೆಂಗಸರಿಗೆಂದು ಹೊಟೇಲಿನ ಮೂಲೆಯಲ್ಲಿ ಒಂದು ಪರದೆ ಕಟ್ಟಿದ್ದರು. ಅದರ ಹಿಂದೆ ಒಂದು ಮೇಜು, ಎರಡು ಕುರ್ಚಿ. ಕೇಶರಬಾಯಿ ಕುರ್ಚಿಯ ಮೇಲೆ ಕೂತದ್ದು ಜೀವಮಾನದಲ್ಲಿ ಅದೇ ಮೊದಲು. ಎಲ್ಲಿ ಜಾರಿ ಬೀಳುತ್ತೇನೋ ಎಂದು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಪೂರಿ ಬಂದ ಮೇಲೆ ಒಂದು ಕೈ ಬಿಟ್ಟಳು. ಹೊಟೇಲಿನ ಒಡೆಯ ಭೀಮಶಾ ಪರದೆಯ ಆಚೆಯಿಂದಲೇ ಚಹಾದ ಕಪ್ಪು ಒಳಗೆ ಚಾಚಿದ.

"ಬೆಲ್ಲದ ಚಹಾ ಅದ ನೋಡ್ರಿ ಸಾಹುಕಾರ್ರೆ, ಬ್ಯಾಸರ ಮಾಡ್ಕೋಬ್ಯಾಡ್ರಿ. ಸಕ್ಕರಿ ಲಡಾಯಿಗೆ ಹೋಗ್ಯಾದ."

ಕೇಶರಬಾಯಿಗೆ ತಡೆಯಲಾರದ ನಗು ಬಂತು. ಅಭ್ಯಾಸಬಲ, ತಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಸುತ್ತ ನೋಡಿದಳು. ಅತ್ತೆ ಇಲ್ಲ, ನೆಗೆಣ್ಣಿಯರಿಲ್ಲ. ಮೆಲ್ಲಗೆ ಸೆರಗು ತೆಗೆದು, ನಿಲ್ಲಿಸಿದ್ದ ನಗುವನ್ನು ಪೂರ್ತಿ ನಕ್ಕುಬಿಟ್ಟಳು. ಆ ನಗು ನೋಡಿ ಮಾಣಿಕಪ್ಪನಿಗೆ ಎದೆಯಲ್ಲಿ ಕಲ್ಲು ಇಟ್ಟಂತಾಯಿತು.

ಯಾಕೆಂದರೆ ಅವಳಿಗೆ ಗೊತ್ತಿದ್ದದ್ದು ಒಂದು, ಅವನಿಗೆ ಗೊತ್ತಿದ್ದದ್ದು ಇನ್ನೊಂದು.

ಅತ್ತೆ ಯಶೋದಾಬಾಯಿ ಕರೆದು, "ಇಬ್ರೂ ಹುಮನಾಬಾದಕ್ಕ ಹೋಗಿ ಮಾಣಿಕಪ್ರಭೂನ ದರ್ಶನ ಮಾಡ್ಕೊಂಡು, ಹಂಗೇ ಕಲ್ಯಾಣ ನೋಡ್ಕೊಂಡು ಬರ್ರಿ. ಮನ್ಯಾಗ ದುಡದ ದುಡದ ಸಾಕಾಗಿರ್ತದ" ಎಂದಿದ್ದಳು. ಇಷ್ಟು ಅವಳಿಗೆ ಗೊತ್ತಿತ್ತು. ಆ ಮಾತಿಗೆ ಎರಡು ದಿನ ಅವಳ ಕಾಲು ನೆಲಕ್ಕೆ ತಾಗಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಹೀಗೆ. ಕಲ್ಯಾಣದಲ್ಲಿ ಅಂಬಾದಾಸ ಎಂಬ ಬಟ್ಟೆ ವ್ಯಾಪಾರಿ. ಅವನಿಗೆ ಹದಿನಾರು ವರ್ಷದ ಮಗಳು, ಸೋನುಬಾಯಿ. ಮಾಣಿಕಪ್ಪನಿಗೆ ಎರಡನೆಯ ಹೆಂಡತಿಯಾಗಿ ಅವಳನ್ನು ತರುವ ಮಾತು ಮುಗಿದುಹೋಗಿತ್ತು. ಒಂದು ಶಾಸ್ತ್ರ ಉಳಿದಿತ್ತು ಅಷ್ಟೇ. ಅವರ ಮನೆತನಗಳಲ್ಲಿ ಹಿರಿಯ ಹೆಂಡತಿ ಬದುಕಿರುವಾಗ ಇನ್ನೊಬ್ಬಳನ್ನು ತರುವುದಾದರೆ, ಆ ಹಿರಿಯಳೇ ಬಂದು ತನ್ನ ಕೈಯಾರೆ ಹುಡುಗಿಯ ಉಡಿ ತುಂಬಬೇಕು. ಐದು ಬೊಗಸೆ ಅಕ್ಕಿ, ಒಂದು ಕೊಬ್ಬರಿ ಬಟ್ಟಲು ಸೆರಗಿನಲ್ಲಿ ಹಾಕಿ, ಹಣೆಗೆ ಕುಂಕುಮ ಇಡಬೇಕು. ಅದೇ ಅವಳ ಒಪ್ಪಿಗೆ. ಅದಿಲ್ಲದೆ ಯಾರೂ ಹೆಣ್ಣು ಕೊಡುವುದಿಲ್ಲ. ಎಂಟು ವರ್ಷ ಮಕ್ಕಳಾಗಲಿಲ್ಲವೆಂದು ಕೇಶರಬಾಯಿಯನ್ನು ಯಾವ ಬಸುರಿಯ ಕುಬಸಕ್ಕೂ ಯಾವ ಕೂಸಿನ ತೊಟ್ಟಿಲಿಗೂ ಮುಂದೆ ಕರೆಯದವರು, ಅವಳ ಕೈಗೆ ಕುಂಕುಮದ ಬಟ್ಟಲು ಕೊಡದ ಅದೇ ಜನ, ಇದೊಂದಕ್ಕೆ ಮಾತ್ರ ಅವಳ ಕೈಯೇ ಬೇಕೆನ್ನುತ್ತಿದ್ದರು. ಲೋಕದ ನ್ಯಾಯ ಹೀಗೇ ಇರುತ್ತದೆ.

"ನಾಳಿ ಮಧ್ಯಾನ್ಹದೊಳಗ ಅಂಬಾದಾಸನ ಮನಿ ಮುಟ್ರಿ," ಎಂದು ಹೊರಡುವ ಮೊದಲು ತಾಯಿ ಅವನಿಗೆ ಒಬ್ಬನಿಗೇ ಹೇಳಿದ್ದಳು. "ಉಡೀ ಅಕ್ಕಿ, ಕೊಬ್ಬರಿ ಅವರ ಮನೀಗೆ ಮೊದ್ಲೇ ಕಳ್ಸೀನಿ. ದಾರಿಯೊಳಗ ಆಕೀಗೆ ನೀನೇ ತಿಳಿಸಿ ಹೇಳು. ನಾಕು ಜಾಗಾ ತೋರ್ಸಿ, ನಾಕು ಬಗಿ ತಿನ್ನಿಸಿದ್ರ ಹೆಣ್ಣಿನ ಮನಸು ಮೆತ್ತಗಾಗ್ತದ."

ಅವನು ಹೂಂ ಎಂದಿದ್ದ. ಮಾಣಿಕಪ್ಪನದು ಹೂಂ ಎನ್ನುವ ನಾಲಿಗೆ. ಅಪ್ಪ ಸತ್ತಾಗ ಅಂಗಡಿ ನೋಡಿಕೋ ಎಂದರು, ಹೂಂ. ಲಗ್ನ ಮಾಡಿಕೋ ಎಂದರು, ಹೂಂ. ಅವನಿಗೂ ಮಗು ಬೇಕಿತ್ತು, ಸುಳ್ಳು ಹೇಳಬಾರದು. ಅಂಗಡಿಗೆ ಬಂದವರ ಕಂಕುಳಲ್ಲಿ ಕೂಸಿದ್ದರೆ ಅದರ ಕೈಗೆ ಒಂದು ತುಂಡು ಬೆಲ್ಲ ಕೊಡದೆ ಕಳಿಸಿದವನಲ್ಲ. ಆದರೆ ಈಗ, ಈ ಮೂಗಿನ ಮೇಲಿನ ಸುಕ್ಕು ನೋಡಿದ ಮೇಲೆ, ಆ ಹೂಂ ಎಂಬುದು ಗಂಟಲಲ್ಲಿ ಮೀನಿನ ಮುಳ್ಳಾಗಿ ನಿಂತಿತು.

ಚಹಾ ಕುಡಿದ ಮೇಲೆ ಹೇಳೋಣ ಎಂದುಕೊಂಡ. ಚಹಾ ಮುಗಿಯಿತು. ಬಸ್ಸು ಹತ್ತುವ ಮೊದಲು ಹೇಳೋಣ ಎಂದುಕೊಂಡ. ಬಸ್ಸು ಬಂತು.

ಯುದ್ಧದ ಕಾಲ, ಪೆಟ್ರೋಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಕೊಳವೆಯಂಥ ಒಲೆ ಕಟ್ಟಿ, ಅದರಲ್ಲಿ ಇದ್ದಲು ಉರಿಸಿ, ಆ ಹೊಗೆಯ ಬಲದಿಂದ ಓಡಿಸುತ್ತಿದ್ದರು. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಹೆಂಗಸರು ಮುಂದಿನ ಬೆಂಚಿನಲ್ಲಿ, ಗಂಡಸರು ಹಿಂದೆ. ಕಲ್ಯಾಣದವರೆಗೂ ಕೇಶರಬಾಯಿ ಕಿಟಕಿಯ ಹೊರಗೆ ಏನೋ ನೋಡುವವಳಂತೆ ಗಳಿಗೆಗೊಮ್ಮೆ ಕತ್ತು ತಿರುಗಿಸುತ್ತಿದ್ದಳು. ಹೊರಗೆ ನೋಡುವಂಥದ್ದೇನಿತ್ತು, ಕಪ್ಪು ಹೊಲ, ಮತ್ತೆ ಕಪ್ಪು ಹೊಲ. ಎರಡನೇ ಸಲ ಬಸ್ಸು ನೂಕಿ, ಮುಖಕ್ಕೆಲ್ಲ ಮಸಿ ಬಳಿದುಕೊಂಡು ಹತ್ತಿದಾಗ ಅವಳು ಕಣ್ಣಲ್ಲೇ ನಕ್ಕು, ಬೇರೆಯವರಿಗೆ ಕಾಣದಂತೆ ತನ್ನ ಕೆನ್ನೆ ಒರೆಸಿಕೊಂಡು ತೋರಿಸಿದಳು. ಅವನು ತನ್ನ ಕೆನ್ನೆ ಒರೆಸಿಕೊಂಡ. ಮಸಿ ಇನ್ನಷ್ಟು ಹರಡಿತು.

ಆ ಸಂಜೆ ಟಾಂಗಾದಲ್ಲಿ ನಾರಾಯಣಪುರಕ್ಕೆ ಹೋದರು. ಹಳೆಯ ಶಿವನ ಗುಡಿ. ಚಾಳುಕ್ಯರ ಕಾಲದ್ದೆಂದು ಟಾಂಗಾದವನು ಹೇಳಿದ. ಪೂಜಾರಿ ಮಂಗಳಾರತಿ ಮುಗಿಸಿ ಹೋಗಿದ್ದ. ಮೋಡ ಕವಿದು, ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೇಶರಬಾಯಿ ಗೋಡೆಯ ಉದ್ದಕ್ಕೂ ಹೋಗಿ ಒಂದೊಂದು ಕಲ್ಲಿನ ಹೆಣ್ಣಿನ ಮುಂದೆಯೂ ನಿಂತು, ಅವರ ಸರ, ಬಳೆ, ತುರುಬು ಎಲ್ಲ ವಿಚಾರಿಸಿಕೊಂಡಳು.

"ಇಷ್ಟು ಕಡೀಬೇಕಾದ್ರ ಆ ಮನುಷ್ಯಾರು ಹೆಣ್ಮಕ್ಕಳನ್ನ ಎಷ್ಟು ನೋಡಿರಬೇಕಲ್ರಿ. ನಮ್ಮ ಮನ್ಯಾಂಗಿದ್ರ ಬರೇ ಸೆರಗು ಕಡೀತಿದ್ರು."

ಮಾಣಿಕಪ್ಪ ನಗಲು ನೋಡಿದ, ಆಗಲಿಲ್ಲ. ಇಲ್ಲೇ ಹೇಳಿಬಿಡಬೇಕು. ದೇವರ ಮುಂದೆ ಹೇಳಿದರೆ ದೇವರಾದರೂ ಒಂದಿಷ್ಟು ಪಾಲು ಹೊತ್ತಾನು.

"ಕೇಶರ, ನಿಂಗೊಂದು ಮಾತು ಹೇಳಬೇಕಾಗ್ಯಾದ."

"ನಂದೂ ಒಂದು ಅದರಿ. ನಾ ಮೊದಲು ಹೇಳಲಿ?" ಅವಳು ಗುಡಿಯ ಕಟ್ಟೆಯ ಮೇಲೆ ಕೂತು, ಅವನಿಗೂ ಜಾಗ ತೋರಿಸಿದಳು. ಪಕ್ಕದಲ್ಲೇ. "ಮನ್ಯಾಗ ಹೇಳಾಕ ಧೈರ್ಯ ಇರ್ಲಿಲ್ಲ. ಅತ್ತಿ ನಿಮಗ ಇನ್ನೊಂದು ಲಗ್ನ ಮಾಡ್ತಾರಂತ ದೀವಳಗಿ ಮುಂದ ಬಾವೀ ಕಟ್ಟಿ ಮ್ಯಾಲ ಹೆಂಗಸ್ರು ಮಾತಾಡೂದು ಕೇಳಿದ್ದೆ. ಅವತ್ತಿಂದ ನಂಗ ಅನ್ನ ಅನ್ನ ಇದ್ದಂಗ ಹತ್ತಿಲ್ಲ ನೋಡ್ರಿ. ನಿಮ್ಮ ಮುಂದ ಬಾಯಿ ಬಿಡಲಿಲ್ಲ. ಮೊನ್ನಿ ಅತ್ತಿ ತಾವೇ ಕರದು, ಇಬ್ರೂ ಹೋಗಿ ಬರ್ರಿ ಅಂದ್ರಲ್ಲ, ಆವಾಗ ಜೀವ ಬಂತು. ನೀವೇ ಬ್ಯಾಡ ಅಂದಿರಬೇಕು. ನೀವು ಬ್ಯಾಡ ಅಂದಿದ್ದಕ್ಕೇ ಅವ್ರು ಹಿಂಗ ಕಳ್ಸ್ಯಾರ. ಹೌದಲ್ರಿ?"

ಅವನು ತಲೆ ತಗ್ಗಿಸಿ ಕಟ್ಟೆಯ ಕಲ್ಲಿನ ಮೇಲೆ ಉಗುರಿನಿಂದ ಗೆರೆ ಎಳೆಯತೊಡಗಿದ. ಅವಳು ಅದನ್ನು ಸಂಕೋಚ ಎಂದುಕೊಂಡಳು.

"ಹೋಗ್ಲಿ, ಹೇಳಬ್ಯಾಡ್ರಿ. ನಂಗ ಗೊತ್ತದ. ಈಗ ನಿಮ್ಮ ಮಾತು ಹೇಳ್ರಿ."

"ಏನಿಲ್ಲ. ಮೋಡ ಆಗ್ಯಾದ. ಮಳಿ ಬರೂದರೊಳಗ ಹೋಗಾಮು."

ಎಂಥ ಹೇಡಿ ಎಂದು ನೀವು ಬೈಯಬಹುದು. ಅವನೂ ತನ್ನನ್ನು ತಾನು ಹಾಗೇ ಬೈದುಕೊಂಡ. ಧರ್ಮಶಾಲೆಯಲ್ಲಿ ಹೆಂಗಸರಿಗೆ ಒಂದು ಕಡೆ, ಗಂಡಸರಿಗೆ ಒಂದು ಕಡೆ. ಅವಳು ಬಾಗಿಲಲ್ಲಿ ತಿರುಗಿ ನೋಡಿ ಒಳಗೆ ಹೋದಳು. ಅವನಿಗೆ ನಿದ್ದೆ ಬರಲಿಲ್ಲ. ಒಂದು ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗುವುದು ಕೆಂಡ ಕಟ್ಟಿಕೊಂಡು ಮಲಗಿದಂತೆಯೇ.

ಮರುದಿನ ಬೆಳಿಗ್ಗೆ ಕಲ್ಯಾಣದ ಕೋಟೆ ನೋಡಲು ಹೋದರು. ಕೋಟೆಯಲ್ಲಿ ಒಂದು ಉದ್ದನೆಯ ಕೋಣೆ. ಹಳೆಯ ಕತ್ತಿ, ಗುರಾಣಿ, ಬಂದೂಕು, ಜೊತೆಗೆ ಸುತ್ತಲಿನ ಹೊಲಗಳಲ್ಲಿ ನೇಗಿಲಿಗೆ ಸಿಕ್ಕ ಮೂರ್ತಿಗಳನ್ನೂ ತಂದು ಅಲ್ಲಿ ಇಟ್ಟಿದ್ದರು. ಊರವರು ಅದನ್ನು ಅಜಾಯಬಖಾನೆ ಎನ್ನುತ್ತಿದ್ದರು. ಅಸ್ಗರಿ ಎಂಬ ಮುದುಕಿ ಹೆಂಗಸರು ಬಂದರೆ ಬಾಗಿಲು ತೆಗೆದು ತೋರಿಸುವವಳು. ಬಾಯಲ್ಲಿ ಎರಡೇ ಹಲ್ಲಿದ್ದರೂ ಎಲೆ ಅಡಿಕೆ ಬಿಟ್ಟಿರಲಿಲ್ಲ.

"ಬಾ ಬೇಟಿ, ಬಾ. ಇದು ನೋಡು ತಲವಾರ. ಎತ್ತಾಕ ಇಬ್ರು ಬೇಕು, ಹೊಡಸ್ಕೊಳ್ಳಾಕ ಒಬ್ಬ ಸಾಕು." ಕೇಶರಬಾಯಿ ನಕ್ಕಳು. ಮುದುಕಿಗೆ ಹುರುಪು ಬಂತು. "ಮೂರ್ತಿ ನೋಡು ಈ ಕಡಿ. ನಿನ್ನ ಬಚ್ಚೆಗಳನ್ನ ಯಾಕ ಕರ್ಕೊಂಡು ಬರ್ಲಿಲ್ಲ? ಆನೀ ಚಿತ್ರ ನೋಡಿದ್ರ ಖುಷ್ ಆಗ್ತಿದ್ವು. ಎಷ್ಟು ಮಂದಿ?"

"ಇನ್ನೂ ಇಲ್ಲ ಅಜ್ಜಿ."

"ಕೊಡ್ತಾನ, ಅಲ್ಲಾ ಕೊಡ್ತಾನ," ಎಂದು ಅಸ್ಗರಿ ಅವಳ ಗದ್ದ ಮುಟ್ಟಿ, ಉಗುಳಲು ಹೊರಗೆ ಹೋದಳು.

ಕೋಣೆಯ ಕೊನೆಯಲ್ಲಿ ಒಂದು ಅಗಲವಾದ ಕಲ್ಲು. ಅದರ ಮೇಲೆ ಸಾಲಾಗಿ ಏಳು ತಾಯಂದಿರು, ಸಪ್ತಮಾತೃಕೆಯರು. ಕೇಶರಬಾಯಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳು ಮಾಡಿ ಎಣಿಸಿದಳು. ಆರು ಜನರ ತೊಡೆಯ ಮೇಲೆ ಕೂಸು. ಕೊನೆಯವಳ ಹೊಟ್ಟೆ ಬೆನ್ನಿಗೆ ಹತ್ತಿ, ಪಕ್ಕೆಲುಬು ಕಾಣುತ್ತಿತ್ತು. ಅವಳ ತೊಡೆ ಮಾತ್ರ ಬರಿದು.

"ಇಲ್ಲಿ ನೋಡ್ರಿ." ಅವಳು ಆ ಕೊನೆಯವಳ ಮೊಣಕಾಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಈಕೀಗೆ ಕೂಸಿಲ್ಲ. ಆದ್ರೂ ಸಾಲಿನಾಗಿಂದ ಎಬ್ಬಿಸಿಲ್ಲ ನೋಡ್ರಿ ಈಕೀನ್ನ. ಎಲ್ಲಾರ ಜೋಡಿ ಕುಂಡ್ರಿಸ್ಯಾರ."

ಮಾಣಿಕಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸರಸರ ಹೊರಗೆ ಬಂದ. ಅವಳು ಗಾಬರಿಯಾಗಿ ಹಿಂದೆಯೇ ಬಂದಳು. ಕೋಟೆಯ ಮೆಟ್ಟಿಲ ಮೇಲೆ ಅವನು ಅವಳ ಮುಖ ನೋಡದೆ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ಅಂಬಾದಾಸನ ಹೆಸರು, ಹುಡುಗಿಯ ವಯಸ್ಸು, ತಾಯಿ ಕಳಿಸಿದ ಕಾರಣ, ಉಡಿ ತುಂಬುವ ಶಾಸ್ತ್ರ, ಮಧ್ಯಾಹ್ನದ ಗಡುವು. ಅಂಗಡಿಯಲ್ಲಿ ಕಾಳಿನ ಹೆಸರು ಒದರಿದಂತೆ ಒದರಿ ಮುಗಿಸಿದ.

ಅವನು ತಲೆಯೆತ್ತಿ ನೋಡಿದಾಗ ಸೆರಗು ಮತ್ತೆ ಹಣೆಯವರೆಗೆ ಬಂದಿತ್ತು.

"ನೀವೂ ಹೂಂ ಅಂದಿದ್ರೇನು?"

"ಅಂದಿದ್ದೆ."

"ನಿನ್ನಿ ಗುಡ್ಯಾಗ ನಾ ಅಷ್ಟು ಮಾತಾಡಿದ್ನಲ್ಲ. ಆವಾಗರೆ ತಡೀಬೇಕಿಲ್ಲೇನು?"

"ಬಾಯಿ ಬರ್ಲಿಲ್ಲ."

"ನಕ್ಕಿದ್ದಕ್ಕ ನಾಚಿಕಿ ಬರಾಕತ್ತದರಿ ನಂಗ. ಹೊಟೇಲದಾಗ ನಕ್ಕಿದ್ದು, ಬಸ್ಸಿನ್ಯಾಗ ತಿರುತಿರುಗಿ ನೋಡಿದ್ದು. ಬಲೀ ಕುರಿಗೆ ಹೂಮಾಲಿ ಹಾಕಿ ಮೆರವಣಿಗಿ ಮಾಡ್ತಾರಲ್ಲ, ಅದಕ್ಕ ಗೊತ್ತಿರಂಗಿಲ್ಲ, ನಂಗೂ ಗೊತ್ತಿರ್ಲಿಲ್ಲ. ನೀವು ಗೊತ್ತಿದ್ದು ಮಾಡಿದ್ರಿ."

ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಎದ್ದು ಸೀರೆಯ ಧೂಳು ಕೊಡವಿದಳು.

"ನಡೀರಿ. ಮಧ್ಯಾನ್ಹ ಆಗಾಕ ಬಂತು."

"ಕೇಶರ, ಬ್ಯಾಡಾದ್ರ…"

"ಬ್ಯಾಡಂದ್ರ ಏನು ಮಾಡ್ತೀರಿ? ಅವ್ವಗ ಏನಂತ ಹೇಳ್ತೀರಿ? ಹೇಳಾಕ ಬರ್ತಿದ್ರ ಇಲ್ಲೀತನ ಬರ್ತಿರ್ಲಿಲ್ಲ ನಾವು."

ಎಂಟು ವರ್ಷದಲ್ಲಿ ಮೊದಲ ಸಲ ಅವಳು ಮುಂದೆ ನಡೆದಳು, ಅವನು ಹಿಂದಿನಿಂದ ದಾರಿ ಹೇಳುತ್ತ ಬಂದ. ಎರಡು ಗಲ್ಲಿ ದಾಟುವಷ್ಟರಲ್ಲಿ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಅವನಿಗೆ ಆ ಬಸ್ಸು ನೆನಪಾಗಿ ಕಣ್ಣು ತುಂಬಿತು.

ಅಂಬಾದಾಸನದು ಎರಡು ಅಂಕಣದ ಮನೆ. ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಒಳಗಿನ ಕೋಣೆಗೂ ಪಡಸಾಲೆಗೂ ನಡುವೆ ಒಂದು ಪರದೆ. ಅಂಬಾದಾಸನ ಹೆಂಡತಿ ಸರುಬಾಯಿ ಬಂದು ಕೇಶರಬಾಯಿಯ ಕೈ ಹಿಡಿದು, "ಬಾ ನಮ್ಮವ್ವ, ನಿನ್ನ ಮನಸು ದೊಡ್ಡದು" ಎನ್ನುತ್ತ ಒಳಗೆ ಕರೆದುಕೊಂಡು ಹೋದಳು. ಪರದೆ ಮುಚ್ಚಿತು, ಒಳಗೆ ನೆರೆಮನೆಯ ಹೆಂಗಸರು ಹಾಡು ಶುರುಮಾಡಿದರು.

ಹೊರಗೆ ಗಂಡಸರಿಬ್ಬರೇ. ಅಂಬಾದಾಸ ಎಲೆ ಅಡಿಕೆಯ ತಟ್ಟೆ ಮುಂದೆ ಸರಿಸಿ, ಮಳೆ ಬೆಳೆ ಮಾತಾಡಿದ, ಯುದ್ಧದಿಂದ ಬಟ್ಟೆ ಸಿಗದಿರುವುದನ್ನು ಮಾತಾಡಿದ. ಕೆಟ್ಟ ಮನುಷ್ಯನಲ್ಲ. ಮಾತಿನ ನಡುವೆ ಪರದೆಯ ಕಡೆ ನೋಡುತ್ತಿದ್ದ. ಕೊನೆಗೆ ದನಿ ತಗ್ಗಿಸಿದ.

"ಒಂದು ಕೇಳ್ತೀನ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹಿರೀ ಬಾಯಿಯವರನ್ನ ಯಾರಿಗಾದ್ರೂ ತೋರ್ಸಿರೇನು? ಕೊರತಿ ಅವರದೇ ಅಂತ ಪಕ್ಕಾ ಅದೇನು? ಹೆಣ್ಣು ಹಡದವ್ರು ನಾವು. ಕೇಳಲಾರದೆ ಇರಾಕ ಆಗಂಗಿಲ್ಲ."

ಇದಕ್ಕೆ ಉತ್ತರವನ್ನು ತಾಯಿ ಮೊದಲೇ ಕಲಿಸಿ ಕಳಿಸಿದ್ದಳು. ಪಕ್ಕಾ ಅದ ಅನ್ನು, ಹಕೀಮರಿಗೆ ತೋರ್ಸೀವಿ ಅನ್ನು. ಎರಡೇ ಮಾತು. ಮಾಣಿಕಪ್ಪ ಬಾಯಿ ತೆರೆದ. ಅಷ್ಟರಲ್ಲಿ ಒಳಗೆ ಹೆಂಗಸರ ಹಾಡು ನಿಂತಿತು. ಆ ನಿಶ್ಶಬ್ದದಲ್ಲಿ ಕೇಶರಬಾಯಿಯ ದನಿ ಕೇಳಿತು.

"ಸೆರಗು ಗಟ್ಟಿ ಹಿಡಿ ತಂಗಿ. ಹೆದರಬ್ಯಾಡ. ನಾ ಏನೂ ಅನ್ನಂಗಿಲ್ಲ."

ಬೊಗಸೆಯಿಂದ ಅಕ್ಕಿ ಬೀಳುವ ಸಣ್ಣ ಸದ್ದು. ಒಂದು. ಸ್ವಲ್ಪ ತಡೆದು, ಇನ್ನೊಂದು.

"ತೋರ್ಸೀನ್ರಿ," ಎಂದ ಮಾಣಿಕಪ್ಪ.

"ಯಾರಿಗೆ?"

"ಹೈದ್ರಾಬಾದದಾಗ, ದೊಡ್ಡ ಡಾಕ್ಟರಿಗೆ. ಆಕೀನ್ನಲ್ಲರಿ. ನನ್ನನ್ನ ತೋರಿಸ್ಕೊಂಡೀನಿ. ಕೊರತಿ ನಂದದ. ಆಕೀದಲ್ಲ."

ಹೈದರಾಬಾದನ್ನು ಅವನು ಕನಸಿನಲ್ಲೂ ಕಂಡವನಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡಸೊಬ್ಬ ಇನ್ನೊಬ್ಬ ಗಂಡಸಿನ ಮುಂದೆ ಹೀಗೆಂದ ಮೇಲೆ ಅದು ಬೇಮಳಖೇಡಕ್ಕೆ ಅವನಿಗಿಂತ ಮೊದಲೇ ಹೋಗಿ ಮುಟ್ಟುತ್ತದೆ. ಅದು ಅವನಿಗೂ ಗೊತ್ತಿತ್ತು. ಎಲೆ ಅಡಿಕೆಯ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

ಅಂಬಾದಾಸ ಅವನನ್ನೇ ನೋಡುತ್ತಿದ್ದ. "ಮತ್ತ ಇಲ್ಲಿಗ್ಯಾಕ ಬಂದ್ರಿ? ನನ್ನ ಮಗಳನ್ನ ಬಾವಿಗೆ ತಳ್ಳಾಕೇನು?"

"ಅವ್ವ ಕಳ್ಸಿದ್ಲು. ಆಕೀಗೆ ಇದು ಗೊತ್ತಿಲ್ಲ. ತಪ್ಪಾತ್ರಿ."

"ತಪ್ಪಾತ್ರಿ ಅಂದ್ರ ಮುಗೀತೇನು?" ಅಂಬಾದಾಸ ಎದ್ದುಹೋಗಿ ಪರದೆ ಸರಿಸಿದ. "ಸರು, ನಿಲ್ಲಿಸು. ಕುಂಕುಮ ಇಡಸಬ್ಯಾಡ. ಕೊರತಿ ಈ ಮನುಷ್ಯಾಂದಂತ."

ಒಳಗೆ ಸೋನುಬಾಯಿ ಮಣೆಯ ಮೇಲೆ ನಿಂತಿದ್ದಳು. ಸೆರಗಿನಲ್ಲಿ ಐದೂ ಬೊಗಸೆ ಬಿದ್ದಾಗಿತ್ತು, ಕೊಬ್ಬರಿ ಬಟ್ಟಲೂ ಇತ್ತು. ಎದುರಿಗೆ ಕೇಶರಬಾಯಿ, ಬೆರಳ ತುದಿಯಲ್ಲಿ ಕುಂಕುಮ. ಆ ಬೆರಳು ಹುಡುಗಿಯ ಹಣೆಯಿಂದ ಗೇಣು ದೂರದಲ್ಲಿ ನಿಂತುಬಿಟ್ಟಿತು. ಅವಳು ಮಾಣಿಕಪ್ಪನ ಕಡೆ ನೋಡಿದಳು. ಏನು ಮಾಡಿಬಂದಿರಿ ಎಂಬಂಥ ನೋಟ.

ಸರುಬಾಯಿಯ ಮುಖ ಸಿಟ್ಟಿನಿಂದ ಕೆಂಪೇರಿತ್ತು. ನೆರೆದ ಮುತ್ತೈದೆಯರ ಮುಂದೆ ಆದ ಅವಮಾನ ಸಣ್ಣದಲ್ಲ. ಕುಂಕುಮವಿಲ್ಲದೆ ಅರ್ಧಕ್ಕೆ ನಿಂತ ಉಡಿಯನ್ನು ಇಟ್ಟುಕೊಂಡರೆ ಹುಡುಗಿಗೆ ಕೇಡು. ಅವಳು ಮಗಳ ಸೆರಗನ್ನು ಎರಡೂ ಕೈಯಿಂದ ಹಿಡಿದು ಕೇಶರಬಾಯಿಯ ಕಡೆ ವಾಲಿಸಿದಳು. "ನಿಮ್ಮ ಅಕ್ಕಿ ನಿಮಗೇ ಇರ್ಲಿ. ತೊಗೊಂಡು ನಡೀರಿ."

ಅಕ್ಕಿ ನೆಲಕ್ಕೆ ಬೀಳುವುದನ್ನು ಯಾವ ಹೆಣ್ಣೂ ನೋಡುತ್ತ ನಿಲ್ಲಲಾರಳು. ಯೋಚನೆಗಿಂತ ಮೊದಲು ಕೇಶರಬಾಯಿಯ ಕೈ ತನ್ನ ಸೆರಗನ್ನು ಒಡ್ಡಿತು. ಐದು ಬೊಗಸೆ ಅಕ್ಕಿಯೂ ಕೊಬ್ಬರಿ ಬಟ್ಟಲೂ ಒಮ್ಮೆಲೇ ಅವಳ ಉಡಿಗೆ ಬಿದ್ದವು. ಅಲ್ಲಿದ್ದ ಒಬ್ಬ ಮುದುಕಿ "ಅಯ್ಯ, ಇದೇನು ಮಾಡಿದಿ ಸರು, ಆಕೀ ಉಡೀನೇ ತುಂಬಿದೆಲ್ಲ" ಎಂದು ಗೊಣಗಿದಳು. ಮಾಡಿದ್ದು ಏನೆಂಬುದು ಸರುಬಾಯಿಗೂ ಆಮೇಲೆಯೇ ಹೊಳೆದಿರಬೇಕು. ಖಾಲಿ ಸೆರಗು ಹಿಡಿದುಕೊಂಡೇ ನಿಂತಳು. ಸೋನುಬಾಯಿ ಮಾತ್ರ ದೊಡ್ಡದೊಂದು ಉಸಿರು ಬಿಟ್ಟು ಮಣೆಯಿಂದ ಇಳಿದಳು.

ಇಬ್ಬರೂ ಬಸ್ಸಿನ ಕಟ್ಟೆಯ ಕಡೆ ಹೊರಟರು. ಕೇಶರಬಾಯಿ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದು ನಡೆದಳು. ನಿನ್ನೆಯ ಮೋಡ ಇವತ್ತೂ ಬಿಚ್ಚಿರಲಿಲ್ಲ. ಬೇವಿನ ಮರದ ಕೆಳಗೆ ಬಸ್ಸಿನ ಒಲೆಗೆ ಇದ್ದಲು ತುಂಬುತ್ತಿದ್ದರು.

"ಹೈದ್ರಾಬಾದಕ್ಕ ಯಾವಾಗ ಹೋಗಿದ್ರಿ?"

"ಹೋಗಿಲ್ಲ."

"ಡಾಕ್ಟರಿಗೆ?"

"ಯಾರಿಗೂ ತೋರಿಸ್ಕೊಂಡಿಲ್ಲ. ಯಾರ ಕೊರತಿ ಅಂತ ಆ ಶಿವಗೇ ಗೊತ್ತು."

ಅವಳು ಮರಕ್ಕೆ ಒರಗಿ ಕೂತಳು. "ಅತ್ತಿ ಬಿಡಂಗಿಲ್ಲ ನಿಮ್ಮನ್ನ. ಊರ ಮಂದಿ ಅಂಗಡೀಗೆ ಬಂದು ನಿಂತು ನಗ್ತಾರ. ತಮ್ಮಂದ್ರು ಮಾರಿ ತಿರುವ್ತಾರ. ಗೊತ್ತದಲ್ಲ?"

"ಗೊತ್ತದ."

"ಸಾಯೂತನ ನಗ್ತಾರ."

"ನಿನ್ನ ಎಂಟು ವರ್ಷ ಅಂದಾರಲ್ಲ. ಇನ್ನ ಮ್ಯಾಲ ನನ್ನ ಅನ್ಲಿ."

ಅವಳಿಗೆ ಅಳು ಬಂತು. ಕೋಟೆಯ ಮೆಟ್ಟಿಲ ಮೇಲೆ ಬಾರದ್ದು, ಅಂಬಾದಾಸನ ಮನೆಯಲ್ಲಿ ಬಾರದ್ದು, ಈಗ ಬಂತು. ಎರಡೂ ಕೈಯಲ್ಲಿ ಅಕ್ಕಿಯ ಸೆರಗು ಇದ್ದದ್ದರಿಂದ ಕಣ್ಣು ಒರೆಸಿಕೊಳ್ಳಲಾಗಲಿಲ್ಲ. ಮಾಣಿಕಪ್ಪ ಹೆಗಲ ಮೇಲಿನ ಟವೆಲು ತೆಗೆದು, ಹಾಡಹಗಲಲ್ಲಿ, ಬಸ್ಸು ಕಾಯುವ ಜನರೆಲ್ಲ ನೋಡುತ್ತಿರುವಾಗ, ಹೆಂಡತಿಯ ಕಣ್ಣು ಒರೆಸಿದ.

"ನಾ ನಿಮ್ಮನ್ನ ಮಾಫ್ ಮಾಡಿಲ್ಲ ನೋಡ್ರಿ," ಎಂದಳು ಬಿಕ್ಕುತ್ತಲೇ. "ನಿನ್ನಿ ಇಡೀ ದಿನ ಸುಮ್ನಿದ್ರಲ್ಲ, ಅದು ನಂಗ ಮರಿಯಾಕ ಆಗಂಗಿಲ್ಲ."

"ಮರೀಬ್ಯಾಡ."

"ನಿಮ್ಮ ಮ್ಯಾಲ ಜೀವ ಇಲ್ಲಂತಲ್ಲ. ಅದ. ಅದಕ್ಕೇ ಭಾಳ ನೋವಾಗ್ಯಾದ."

"ನಂದೂ ಅದ," ಎಂದ ಮಾಣಿಕಪ್ಪ. ಎಂಟು ವರ್ಷದ ಕತ್ತಲೆಯಲ್ಲಿ ಅವನು ಒಮ್ಮೆಯೂ ಹೇಳಿರದ ಮಾತು ಅದು. ಹೇಳಿದ ಮೇಲೆ ಇಷ್ಟೇನಾ ಎನಿಸಿತು. ಇದನ್ನು ಮೊದಲೇ ಹೇಳಲು ಕಲಿತಿದ್ದರೆ ಇಲ್ಲಿಗೆ ಬರುವ ಪ್ರಸಂಗವೇ ಇರಲಿಲ್ಲ.

ಬಸ್ಸು ಹೊರಟಿತು. ಹೆಂಗಸರ ಬೆಂಚು ತುಂಬಿತ್ತು. ಕೇಶರಬಾಯಿ ಒಂದು ಕೈಯಲ್ಲಿ ಕಂಬ, ಒಂದು ಕೈಯಲ್ಲಿ ಉಡಿ ಹಿಡಿದು ನಿಂತಿದ್ದಳು. ಮಂಠಾಳದ ಕಡೆಯ ಒಬ್ಬ ದಪ್ಪನೆಯ ಹೆಂಗಸು ಅವಳ ಸೆರಗಿನಲ್ಲಿ ಇಣುಕುತ್ತಿದ್ದ ಅಕ್ಕಿ, ಕೊಬ್ಬರಿ ನೋಡಿ, ಬಸುರಿ ಉಡಿ ತುಂಬಿಸಿಕೊಂಡು ಹೊರಟಿದ್ದಾಳೆ ಎಂದೇ ತಿಳಿದು ಗಡಬಡಿಸಿ ಎದ್ದಳು.

"ಕುಂಡ್ರವ್ವ, ಕುಂಡ್ರು ಮೊದಲ. ಇಂಥಾದ್ರಾಗ ನಿಂದ್ರತಾರೇನು? ಯಾರು ತುಂಬ್ಯಾರ ಉಡಿ? ತವರವ್ರೇನು?"

ಹಿಂದಿನ ಬೆಂಚಿನಲ್ಲಿದ್ದ ಮಾಣಿಕಪ್ಪನಿಗೂ ಅದು ಕೇಳಿಸಿತು. ಕೇಶರಬಾಯಿ ಕೂತಳು. ಉಡಿಯ ಅಕ್ಕಿ ಚೆಲ್ಲದಂತೆ ಸರಿಮಾಡಿಕೊಂಡಳು. ಆಮೇಲೆ ಕತ್ತು ತಿರುಗಿಸಿ, ಅಷ್ಟು ಜನರ ತಲೆಗಳ ನಡುವೆ ಅವನನ್ನು ಹುಡುಕಿ, ಕೈ ಮಾಡಿ ತೋರಿಸಿದಳು.

"ಅಲ್ಲಿ ಕುಂತಾರಲ್ಲ, ನಮ್ಮ ಮನಿಯವ್ರು. ಅವರು ತುಂಬ್ಯಾರ."

"ಗಂಡಸು ಉಡಿ ತುಂಬೂದು ಎಲ್ಲೂ ಕೇಳಿಲ್ಲವ್ವ ನಾವು," ಎಂದಳು ಆ ಹೆಂಗಸು. ಬೆಂಚಿನ ಹೆಂಗಸರೆಲ್ಲ ನಕ್ಕರು. ನಗು ಹಿಂದಿನ ಬೆಂಚಿಗೂ ಹಬ್ಬಿತು. ಯಾರೋ ಮಾಣಿಕಪ್ಪನ ಬೆನ್ನು ತಟ್ಟಿ ಏನೋ ಅಂದರು. ಅವನು ತಲೆ ತಗ್ಗಿಸಲಿಲ್ಲ. ಇನ್ನು ಬಾಳೆಲ್ಲ ಕೇಳಬೇಕಾದ ನಗು ಅದು, ಅವತ್ತೇ ಶುರುವಾಯಿತು.

ಕೇಶರಬಾಯಿ ಮಾತ್ರ ನಗಲಿಲ್ಲ. ಹುಮನಾಬಾದು ಬರುವವರೆಗೂ ಅವನ ಮುಖವನ್ನೇ ನೋಡುತ್ತ ಕೂತಿದ್ದಳು.